ಮೂರು ಗ್ರಾಂ

ನನ್ನದು ಕಾಗದ ತೂಗುವ ಹಳೆಯ ಅಂಚೆ ತಕ್ಕಡಿ.
ಒಂದನ್ನಿಟ್ಟೆ: ನಲವತ್ತೊಂದು.
ಇನ್ನೊಂದನ್ನಿಟ್ಟೆ: ಮೂವತ್ತೆಂಟು.
"ಮೂರು ಗ್ರಾಂ ಅಂದರೆ ಎಷ್ಟಾಯಿತು?" ಕೇಳಿದಳು ದೋರಿಂದಾ.
ಕಾಫಿಗೆ ಕೊಡುತ್ತಾರಲ್ಲ ಸಕ್ಕರೆ ಪೊಟ್ಟಣ,
ಅದರ ಅರ್ಧ, ಅಂದೆ.

ಅವಳ ಬೂಟಿನಿಂದ ಅಂಗಡಿಯ ನೆಲಕ್ಕೆ
ಸಮುದ್ರ ಇನ್ನೂ ಇಳಿಯುತ್ತಿತ್ತು.
ಹನ್ನೊಂದು ವರ್ಷದ ಚಾಕು ಅದೇ ಬೆಳಿಗ್ಗೆ
ತೆಪ್ಪದ ನೀಲಗಿರಿ ತೊಲೆಗಳ ಸಂದಿನಲ್ಲಿ ಜಾರಿ
ಅರೋಸಾದ ಕೆಸರು ಸೇರಿತ್ತು.
"ನೇತುಬಿಟ್ಟ ಹಗ್ಗಗಳ ಪಕ್ಕದಲ್ಲೇ ಹೋಯಿತು, ನೆಟ್ಟಗೆ.
ಚಿಪ್ಪುಗಳೆಲ್ಲ ಬಾಯಿಬಿಟ್ಟು ನೋಡಿರಬೇಕು."
ಹಾಗಂದಳು, ನಗಲಿಲ್ಲ.

ಮೊದಲನೆಯದಕ್ಕೆ ಕಿತ್ತಳೆ ಬಣ್ಣದ ನೈಲಾನ್ ಹಿಡಿ.
ಹೆಬ್ಬೆರಳಿಂದ ತಳ್ಳಿದರೆ ಸಾಕು, ತೆರೆದು, ಟಕ್ಕೆಂದು ಬೀಗ.
ಅಲಗಿನ ಬುಡಕ್ಕೆ ಗರಗಸದ ಹಲ್ಲು.
ಎರಡನೆಯದು ಚೆಸ್ಟ್‌ನಟ್ ಮರದ್ದು.
ಬೀಗವಿಲ್ಲ, ಕೀಲಿನ ಬಿಗಿಯೊಂದೇ ಭರವಸೆ.
ಉಗುರು ಸಿಕ್ಕಿಸಿ ಎಳೆಯಬೇಕು,
ಎರಡು ಕೈ ಬೇಕು.

"ಎರಡು ಕೈ ಎಲ್ಲಿಂದ ತರಲಿ?
ಒಂದು ಯಾವಾಗಲೂ ಹಗ್ಗದ್ದು."
ಹಾಗಾದರೆ ಮುಗಿಯಿತಲ್ಲ ಎಂದು
ಕಿತ್ತಳೆಯದನ್ನು ಸುತ್ತಲು ಕಾಗದ ಹರಿದೆ.
"ತಡಿ."

ಮೀನಮೇಷ ಎಣಿಸುವವರನ್ನು ಎಷ್ಟು ನೋಡಿಲ್ಲ ನಾನು!
ಅಲಗಿನ ಮೇಲೆ ಉಸಿರೂದಿ
ಮಂಜು ಆರುವ ಹೊತ್ತು ಎಣಿಸುತ್ತಿದ್ದ ಪಾದ್ರಿ;
ಮುಚ್ಚುವ ಸದ್ದನ್ನು ಕಿವಿಗೆ ಹಿಡಿದು ಕೇಳಿ,
ಯಾವುದನ್ನೂ ಕೊಳ್ಳದೆ ಹೋದ ಹುಡುಗ.
ಇವಳು ಊಟದ ಗಂಟು ಬಿಚ್ಚಿದಳು.
ಮೆಕ್ಕೆಜೋಳದ ಬ್ರೆಡ್ಡು, ಒಣಗಿದ ಚೀಸಿನ ತುಂಡು.

ನೈಲಾನಿನದು ಬ್ರೆಡ್ಡನ್ನು ಹಗ್ಗವೆಂದುಕೊಂಡಿತು,
ಗಾಜಿನ ಮೇಲೆಲ್ಲ ಪುಡಿ.
ಮರದ್ದು ಇಳಿದದ್ದೇ ಗೊತ್ತಾಗಲಿಲ್ಲ;
ಹೋಳು ತಾನೇ ಮಗ್ಗುಲಾಯಿತು
ನಿದ್ದೆಯಲ್ಲಿ ಮಗು ಹೊರಳಿದ ಹಾಗೆ.
ಒಂದು ಹೋಳು ನನಗೂ ಕೊಟ್ಟಳು.
ಇಬ್ಬರೂ ಅಗಿದೆವು, ಮಾತಿಲ್ಲದೆ.
"ಹಗ್ಗ ಆರು ತಾಸು," ಅಂದಳು ಕೊನೆಗೆ,
"ಬ್ರೆಡ್ಡು ಕಾಲು ತಾಸು.
ಆದರೆ ಆ ಕಾಲು ತಾಸು ನನ್ನದು."

ಆಮೇಲೆ ಪರೀಕ್ಷೆ ಶುರುವಾಯಿತು.
ಮರದ್ದನ್ನು ಜೇಬಿಗಿಳಿಸಿ ಬಾಗಿಲವರೆಗೆ ನಡೆದಳು, ಬಂದಳು.
ಮೂರು ಸಲ ಜೇಬು ಮುಟ್ಟಿಕೊಂಡಳು, ಲೆಕ್ಕ ಇಟ್ಟಿದ್ದೇನೆ.
ನೈಲಾನಿನದನ್ನು ಇಳಿಸಿದಳು, ಬಾಗಿಲವರೆಗೆ ನಡೆದಳು.
ಅಷ್ಟರಲ್ಲಿ ಅಳಿಯ ಬ್ರಾಯಿಸ್
ರಸ್ತೆಯಾಚೆಯಿಂದ ಲಾರಿ ಬಂತೆಂದು ಕೂಗಿದ.
ಓಡಿದಳು.

ನಾನು ಕರೆಯಲಿಲ್ಲ. ಪುಡಿ ಗುಡಿಸಿದೆ.

ಕತ್ತಲಾಗುವಾಗ ಕೆಂಪು ಮುಖ ಹೊತ್ತು ಬಂದಳು:
ಮೂವತ್ತು ಚೀಲದ ಬಾಯಿ ಕೊಯ್ದು ಮುಗಿಸಿದ ಮೇಲೆ
ಒರೆಸಲೆಂದು ನೋಡಿದರೆ
ಕೈಯಲ್ಲಿ ನನ್ನ ಅಂಗಡಿಯ ಬೆಲೆಚೀಟಿ
ಇನ್ನೂ ನೇತಾಡುತ್ತಿತ್ತಂತೆ.
"ಇದನ್ನೇ ಕೊಡು. ಇದ್ದದ್ದೇ ಮರೆತುಹೋಗಿತ್ತು ನನಗೆ."
ಚಾಕುವಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ
ಈ ಕಂಬಾದೋಸಿನಲ್ಲಿ ನಾನು ಕೇಳಿಲ್ಲ.

ನಾಣ್ಯ ಎಣಿಸುತ್ತಾ, ಮರದ್ದರ ಕಡೆ ಗಲ್ಲ ಎತ್ತಿ,
"ಭಾನುವಾರದ ತನಕ ಯಾರಿಗೂ ಕೊಡಬೇಡ" ಅಂದಳು.

ಎಷ್ಟೋ ಭಾನುವಾರಗಳಾದವು.
ಕೀಲಿಗೆ ತೊಟ್ಟು ಎಣ್ಣೆ ಬಿಡುತ್ತೇನೆ,
ತೆರೆಯುತ್ತೇನೆ, ಮುಚ್ಚುತ್ತೇನೆ, ಮತ್ತೆ ಅದೇ ಖಾನೆ.
ಕೇಳಿದವರಿಗೆ ಮಾರಿಹೋಗಿದೆ ಎನ್ನುತ್ತೇನೆ.

ಅಂದ ಹಾಗೆ, ನನ್ನ ಜೇಬಿನಲ್ಲಿ
ಯಾವತ್ತೂ ಚಾಕು ಇಟ್ಟವನಲ್ಲ ನಾನು.
ಬ್ರೆಡ್ಡನ್ನು ಕೈಯಲ್ಲೇ ಮುರಿಯುತ್ತೇನೆ,
ಸೊಟ್ಟಗೆ.